ಫೋಕಸ್ ಎಷ್ಟು ನಿಖರವಾಗಿದ್ದರೆ ಸಾಕು?

(ಕೂಟದ ದೀಪಾವಳಿ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಹೊರದೇಶದಲ್ಲಿ ಸಂಸಾರ ಹೂಡಿರುವ ನಮ್ಮೆಲ್ಲರ ಮನೆಗಳಲ್ಲಿ ಕ್ಯಾಮರಾಕ್ಕೆ ಒಂದು ವಿಶೇಷ ಸ್ಥಾನವುಂಟು. ಮಗುವಿನ ನಾಮಕರಣ, ಮಗಳ ರಂಗಪ್ರವೇಶ, ಮಗನ ಪದವಿ ಪ್ರದಾನ, ಊರಿನಿಂದ ಬಂದ ತಂದೆತಾಯಿಯರು ಮೊದಲ ಬಾರಿಗೆ ಹಿಮ ಮುಟ್ಟಿ ನಕ್ಕ ಗಳಿಗೆ, ಇವೆಲ್ಲವೂ ಊರಿನ ಬಂಧುಗಳಿಗೆ ತಲುಪುವುದು ಚಿತ್ರಗಳ ಮೂಲಕವೇ. ಆದ್ದರಿಂದಲೇ ನಾವು ದುಬಾರಿ ಕ್ಯಾಮರಾ ಕೊಳ್ಳುತ್ತೇವೆ, ಅದಕ್ಕಿಂತ ದುಬಾರಿಯಾದ ಲೆನ್ಸ್ ಕೊಳ್ಳುತ್ತೇವೆ. ಚಿತ್ರ ಮಸುಕಾಗಿ ಬಂದಾಗ ಲೆನ್ಸನ್ನು ದೂರುತ್ತೇವೆ. ಆ ದೂರು ಎಷ್ಟರಮಟ್ಟಿಗೆ ನ್ಯಾಯವಾದದ್ದು, ಸ್ವಯಂಚಾಲಿತ ಫೋಕಸ್ ಎಷ್ಟು ನಿಖರವಾಗಿದ್ದರೆ ಒಪ್ಪಿಕೊಳ್ಳಬಹುದು, ಯಾವಾಗ ಲೆನ್ಸನ್ನು ಅಂಗಡಿಗೆ ಹಿಂತಿರುಗಿಸಬೇಕು ಎಂಬುದೇ ಇಂದಿನ ನಮ್ಮ ವಿಷಯ. ನಾವು ಲೆನ್ಸ್ ತಯಾರಿಸುವವರಲ್ಲ. ಬಹುಕಾಲದಿಂದ ಚಿತ್ರ ತೆಗೆಯುತ್ತ ಬಂದಿರುವ ಹವ್ಯಾಸಿಗಳು. ನಮ್ಮದೇ ಒಂದು ಪ್ರಮಾದದಿಂದ ಮಾತು ಆರಂಭಿಸುತ್ತೇವೆ.

2009ರ ಬೇಸಗೆಯಲ್ಲಿ ನಮ್ಮ ತಾಯಿಯವರು ಶಿವಮೊಗ್ಗದಿಂದ ಬಂದು ಆರು ತಿಂಗಳು ನಮ್ಮೊಡನಿದ್ದರು. ಹೊರಡುವ ಹಿಂದಿನ ದಿನ ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂ ಮುಡಿದು, ಕಿಟಕಿಯ ಪಕ್ಕ ಕುಳಿತರು. ನಾವು ಹೊಸದಾಗಿ ಕೊಂಡಿದ್ದ 85 ಮಿ.ಮೀ., ಎಫ್ 1.8 ಲೆನ್ಸಿನಿಂದ ನಲವತ್ತು ಚಿತ್ರಗಳನ್ನು ತೆಗೆದೆವು. ರಾತ್ರಿ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಹೆಚ್ಚಿನ ಚಿತ್ರಗಳಲ್ಲಿ ಕಣ್ಣುಗಳು ಮಂಜುಮಂಜಾಗಿದ್ದವು; ಕಿವಿಯ ಬೆಂಡೋಲೆ ಮಾತ್ರ ಹರಳು ಹರಳಾಗಿ ಮಿನುಗುತ್ತಿತ್ತು. ನಮ್ಮ ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಅಮ್ಮ, ‘ಯಾಕೋ ಮುಖ ಸಪ್ಪೆ ಮಾಡ್ಕೊಂಡಿದೀಯ? ನಮ್ಮಮ್ಮ ಕೊಟ್ಟ ಬೆಂಡೋಲೆ ಎಷ್ಟು ಚೆನ್ನಾಗಿ ಬಂದಿದೆ ನೋಡು!’ ಎಂದರು. ನಮಗೆ ಸಮಾಧಾನವಾಗಲಿಲ್ಲ. ಅವರನ್ನು ವಿಮಾನ ಹತ್ತಿಸಿ ಬಂದ ವಾರವೇ ಲೆನ್ಸನ್ನು ಅಂಗಡಿಗೆ ಕೊಟ್ಟು ಬೇರೊಂದನ್ನು ತಂದೆವು. ಅದೂ ಹಾಗೆಯೇ ಎನ್ನಿಸಿತು. ಮೂರನೆಯದನ್ನು ತಂದೆವು. ಅಂಗಡಿಯಾತ ನಗುತ್ತ, ‘ಮುಂದಿನ ಸಲ ಕ್ಯಾಮರಾವನ್ನೇ ಬದಲಿಸುತ್ತೀರೇನು?’ ಎಂದು ಕೇಳಿದ ಮೇಲೆ ನಾಚಿಕೆಯಾಗಿ, ದೂರುವುದನ್ನು ಬಿಟ್ಟು ಅಳೆಯಲು ಕುಳಿತೆವು. ಆ ಅಳತೆಯಿಂದ ಕಲಿತದ್ದನ್ನೇ ಇಂದು ತಮ್ಮ ಮುಂದಿಡುತ್ತಿದ್ದೇವೆ.

ಸ್ಪಷ್ಟತೆಗೂ ಒಂದು ಆಳವುಂಟು

ಲೆನ್ಸ್ ಒಂದು ಸಲಕ್ಕೆ ಒಂದೇ ಒಂದು ದೂರದಲ್ಲಿರುವ ವಸ್ತುವನ್ನು ನಿಖರವಾಗಿ ಮೂಡಿಸಬಲ್ಲದು. ಆ ದೂರದಲ್ಲಿರುವ ಬಿಂದು ಚಿತ್ರದಲ್ಲಿ ಬಿಂದುವಾಗಿಯೇ ಬೀಳುತ್ತದೆ. ಅದಕ್ಕಿಂತ ಮುಂದಿರುವ ಅಥವಾ ಹಿಂದಿರುವ ಬಿಂದು ಒಂದು ಪುಟ್ಟ ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಈ ಬಿಲ್ಲೆಯನ್ನು ಗೊಂದಲದ ವೃತ್ತವೆಂದು ಕರೆಯೋಣ. ವೃತ್ತ ಸಾಕಷ್ಟು ಚಿಕ್ಕದಾಗಿರುವವರೆಗೆ ನಮ್ಮ ಕಣ್ಣು ಅದನ್ನು ಬಿಂದುವೆಂದೇ ಭಾವಿಸುತ್ತದೆ. ಅದಕ್ಕಿಂತ ದೊಡ್ಡದಾದರೆ ‘ಮಸುಕು’ ಎನ್ನುತ್ತದೆ.

ಹಾಗಾದರೆ ಎಷ್ಟು ಚಿಕ್ಕದಾಗಿರಬೇಕು? ಇಲ್ಲಿಯೇ ಎಲ್ಲ ವಾದಗಳ ಬೇರಿದೆ. ಹಳೆಯ ಛಾಯಾಗ್ರಾಹಕರು ಒಂದು ಒಪ್ಪಂದಕ್ಕೆ ಬಂದಿದ್ದರು. 8 ಅಂಗುಲ ಅಗಲ, 10 ಅಂಗುಲ ಉದ್ದದ ಮುದ್ರಿತ ಚಿತ್ರವನ್ನು ಓದುವ ದೂರದಲ್ಲಿ, ಅಂದರೆ ಸುಮಾರು 25 ಸೆಂ.ಮೀ. ಅಂತರದಲ್ಲಿ ಹಿಡಿದು ನೋಡಿದಾಗ, ಕಾಗದದ ಮೇಲಿನ ಕಾಲು ಮಿ.ಮೀ. ಬಿಲ್ಲೆಯನ್ನು ಸಾಮಾನ್ಯ ಕಣ್ಣು ಬಿಂದುವೆಂದೇ ಒಪ್ಪುತ್ತದೆ ಎಂಬುದು ಆ ಒಪ್ಪಂದ. 24 ಮಿ.ಮೀ. ಎತ್ತರದ ಫಿಲ್ಮ್ ಚೌಕಟ್ಟನ್ನು 8 ಅಂಗುಲಕ್ಕೆ ಹಿಗ್ಗಿಸುವುದೆಂದರೆ ಸುಮಾರು ಎಂಟೂವರೆ ಪಟ್ಟು. ಆದ್ದರಿಂದ ಫಿಲ್ಮ್ ಮೇಲೆ ವೃತ್ತ 0.03 ಮಿ.ಮೀ.ಗಿಂತ ದೊಡ್ಡದಾಗಬಾರದು. ಎಲ್ಲ ಕೋಷ್ಟಕಗಳಲ್ಲಿಯೂ ಕಾಣುವ 0.03 ಎಂಬ ಸಂಖ್ಯೆ ಹೀಗೆ ಬಂದದ್ದು.

ಈ ಸಂಖ್ಯೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ, ನಾವು ಫೋಕಸ್ ಮಾಡಿದ ದೂರದ ಮುಂದೆ ಹಿಂದೆ ಎಷ್ಟು ಜಾಗ ಸ್ಪಷ್ಟವೆನ್ನಿಸಿಕೊಳ್ಳುತ್ತದೆ ಎಂಬುದು ಸಿಗುತ್ತದೆ. ಅದನ್ನು ಸ್ಪಷ್ಟತೆಯ ಆಳ ಎನ್ನುವೆವು. 85 ಮಿ.ಮೀ. ಲೆನ್ಸಿನಿಂದ 2 ಮೀಟರ್ ದೂರದಲ್ಲಿ ಕುಳಿತವರ ಚಿತ್ರ ತೆಗೆಯುವಾಗ ಎಫ್ 1.8ರಲ್ಲಿ ಈ ಆಳ ಸುಮಾರು 6 ಸೆಂ.ಮೀ.; ಮುಂದಕ್ಕೆ 3, ಹಿಂದಕ್ಕೆ 3. ಬೆಳಕಿನ ಕಿಂಡಿಯನ್ನು ಎಫ್ 4ಕ್ಕೆ ಕಿರಿದು ಮಾಡಿದರೆ ಸುಮಾರು 13 ಸೆಂ.ಮೀ.; ಎಫ್ 5.6ರಲ್ಲಿ 18 ಸೆಂ.ಮೀ. ಮುಖ ನೇರವಾಗಿರುವಾಗ ಕಣ್ಣಿಗಿಂತ ಕಿವಿ ಸುಮಾರು 8 ಸೆಂ.ಮೀ. ಹಿಂದಿರುತ್ತದೆ. ಎಫ್ 1.8ರಲ್ಲಿ ಕಣ್ಣು ಮತ್ತು ಕಿವಿ ಎರಡನ್ನೂ ಹಿಡಿಯುವುದು ಯಾವ ಲೆನ್ಸಿಗೂ ಸಾಧ್ಯವಿಲ್ಲ ಎಂಬುದು ಈ ಎರಡು ಅಂಕಿಗಳಿಂದಲೇ ತಿಳಿಯುತ್ತದೆ.

ಕ್ಯಾಮರಾದ ಒಳಗೆ ಈ ಅಳತೆ ಇನ್ನೂ ಸೂಕ್ಷ್ಮ. ಹೊರಗೆ 3 ಸೆಂ.ಮೀ. ಆಗಿರುವುದು ಒಳಗೆ ಕೇವಲ 0.06 ಮಿ.ಮೀ., ಅಂದರೆ ಒಂದು ತಲೆಗೂದಲಿನ ದಪ್ಪ. ಸ್ವಯಂಚಾಲಿತ ಫೋಕಸ್ ವ್ಯವಸ್ಥೆಯಿಂದ ನಾವು ನಿರೀಕ್ಷಿಸುತ್ತಿರುವುದು ಕೂದಲೆಳೆಯ ನಿಖರತೆಯನ್ನು, ಅದೂ ಅರೆ ಕ್ಷಣದಲ್ಲಿ ಎಂಬುದನ್ನು ನೆನಪಿನಲ್ಲಿಡಬೇಕು.

ಕ್ಯಾಮರಾ ದೂರವನ್ನು ಅಳೆಯುವ ಬಗೆ

ಸಾಮಾನ್ಯ ಗ್ರಾಹಕರಿಗಾಗಿ ಹೇರಳವಾಗಿ ತಯಾರಾದ ಮೊದಲ ಸ್ವಯಂಚಾಲಿತ ಫೋಕಸ್ ಕ್ಯಾಮರಾ 1977ರ ಕೋನಿಕಾ ಸಿ35 ಎಎಫ್. ಲೆನ್ಸ್ ಬದಲಿಸಬಲ್ಲ ಕ್ಯಾಮರಾಗಳಲ್ಲಿ ಈ ವ್ಯವಸ್ಥೆಯನ್ನು ದೇಹದಲ್ಲಿಯೇ ಅಳವಡಿಸಿ ಯಶಸ್ಸು ಕಂಡದ್ದು 1985ರ ಮಿನೋಲ್ಟಾ 7000. ಈ ತಂತ್ರದ ಹಕ್ಕಿಗಾಗಿ ಅಮೆರಿಕದ ಹನಿವೆಲ್ ಕಂಪೆನಿ ಮಿನೋಲ್ಟಾದ ಮೇಲೆ ಮೊಕದ್ದಮೆ ಹೂಡಿ, 1992ರಲ್ಲಿ ಗೆದ್ದು, ಕೊನೆಗೆ 12 ಕೋಟಿ 75 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡಿತು. ಕೂದಲೆಳೆಯ ಅಳತೆಗೆ ಎಂಥ ಬೆಲೆ!

ಹಳೆಯ ಕೈಚಾಲಿತ ಕ್ಯಾಮರಾ ಬಳಸಿದ ಹಿರಿಯರಿಗೆ ನೋಡುಕಿಂಡಿಯ ನಡುವಿನ ಸೀಳುಚಿತ್ರ ನೆನಪಿರಬಹುದು. ಫೋಕಸ್ ತಪ್ಪಿದ್ದಾಗ ಕಂಬವೊಂದು ನಡುವೆ ಮುರಿದಂತೆ ಕಾಣುತ್ತಿತ್ತು. ಉಂಗುರ ತಿರುಗಿಸಿದಂತೆ ಎರಡು ತುಂಡುಗಳೂ ಕೂಡಿಕೊಳ್ಳುತ್ತಿದ್ದವು. ಫೇಸ್ ಡಿಟೆಕ್ಷನ್ ಎಂಬ ವಿಧಾನ ಇದನ್ನೇ ವಿದ್ಯುನ್ಮಾನದಲ್ಲಿ ಮಾಡುತ್ತದೆ. ಲೆನ್ಸಿನ ಒಂದು ಬದಿಯಿಂದ ಬಂದ ಬೆಳಕನ್ನೂ ಇನ್ನೊಂದು ಬದಿಯಿಂದ ಬಂದ ಬೆಳಕನ್ನೂ ಬೇರೆ ಬೇರೆ ಸಾಲುಗಳ ಮೇಲೆ ಬೀಳಿಸಿ, ಎರಡು ಚಿತ್ರಗಳ ನಡುವಿನ ಅಂತರದಿಂದ ಫೋಕಸ್ ಎತ್ತ ಕಡೆ, ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕುತ್ತದೆ.

ಕನ್ನಡಿಯುಳ್ಳ ಡಿಎಸ್ಎಲ್ಆರ್ ಕ್ಯಾಮರಾಗಳಲ್ಲಿ ಈ ಅಳತೆ ನಡೆಯುವುದು ಚಿತ್ರ ಮೂಡುವ ಸ್ಥಳದಲ್ಲಲ್ಲ, ಕ್ಯಾಮರಾದ ತಳದಲ್ಲಿರುವ ಬೇರೊಂದು ಘಟಕದಲ್ಲಿ. ಚಿಕ್ಕ ಕನ್ನಡಿಯೊಂದು ಬೆಳಕನ್ನು ಅಲ್ಲಿಗೆ ತಿರುಗಿಸುತ್ತದೆ. ಲೆನ್ಸಿನಿಂದ ಆ ಘಟಕಕ್ಕಿರುವ ದಾರಿಯೂ, ಲೆನ್ಸಿನಿಂದ ಚಿತ್ರಫಲಕಕ್ಕಿರುವ ದಾರಿಯೂ ಸಮನಾಗಿರಬೇಕು. ಕನ್ನಡಿಯ ಕೋನ ಎಳ್ಳಷ್ಟು ಆಚೀಚೆಯಾದರೆ, ಲೆನ್ಸ್ ಕೂರುವ ಲೋಹದ ಬಳೆ ಕೂದಲಿನಷ್ಟು ಮುಂದಾದರೆ, ಅಳತೆ ಸರಿಯಾಗಿದ್ದೂ ಚಿತ್ರ ತಪ್ಪುತ್ತದೆ. ಕ್ಯಾಮರಾದಲ್ಲಿ ಒಪ್ಪಬಹುದಾದ ಚಿಕ್ಕ ವ್ಯತ್ಯಾಸ, ಲೆನ್ಸಿನಲ್ಲಿ ಒಪ್ಪಬಹುದಾದ ಚಿಕ್ಕ ವ್ಯತ್ಯಾಸ, ಎರಡೂ ಒಂದೇ ದಿಕ್ಕಿನಲ್ಲಿ ಕೂಡಿಕೊಂಡರೆ ಒಪ್ಪಲಾಗದ ದೋಷವಾಗುತ್ತದೆ. ಅದೇ ಲೆನ್ಸ್ ಮತ್ತೊಬ್ಬರ ಕ್ಯಾಮರಾದಲ್ಲಿ ಚೆನ್ನಾಗಿ ನಡೆಯುವುದಕ್ಕೆ ಇದೇ ಕಾರಣ. ಗಂಡೂ ಒಳ್ಳೆಯವನು, ಹೆಣ್ಣೂ ಒಳ್ಳೆಯವಳು, ಜಾತಕ ಮಾತ್ರ ಕೂಡಿಬರಲಿಲ್ಲ ಎಂಬಂತೆ.

ತಯಾರಕರೂ ಶೂನ್ಯ ದೋಷದ ಭರವಸೆ ಕೊಡುವುದಿಲ್ಲ. ಒಂದು ಹೆಸರಾಂತ ಕಂಪೆನಿಯ ಡಿಎಸ್ಎಲ್ಆರ್‌ಗಳ ವಿವರಣೆಯಲ್ಲಿ, ಸಾಮಾನ್ಯ ಫೋಕಸ್ ಬಿಂದುಗಳು ಸ್ಪಷ್ಟತೆಯ ಮಿತಿಯೊಳಗೆ ನಿಲ್ಲುತ್ತವೆಂದೂ, ಎಫ್ 2.8 ಅಥವಾ ಅದಕ್ಕಿಂತ ಅಗಲವಾಗಿ ತೆರೆಯುವ ಲೆನ್ಸ್‌ಗಳಿಗೆ ಮೀಸಲಾದ ಬಿಂದುಗಳು ಆ ಮಿತಿಯ ಮೂರನೆಯ ಒಂದು ಪಾಲಿನೊಳಗೆ ನಿಲ್ಲುತ್ತವೆಂದೂ ಹೇಳಲಾಗಿತ್ತು. ತಯಾರಕರು ಒಪ್ಪಿರುವ ಗಜಕಡ್ಡಿ ಸ್ಪಷ್ಟತೆಯ ಆಳವೇ ಆಗಿರುವಾಗ, ನಾವೂ ಅದರಿಂದಲೇ ಅಳೆಯುವುದು ನ್ಯಾಯ.

ತಕ್ಕಡಿಯ ಎರಡು ದೋಷಗಳು

ಊರಿನ ಇಬ್ಬರು ಅಂಗಡಿಯವರನ್ನು ನೆನೆಸಿಕೊಳ್ಳೋಣ. ಒಬ್ಬನ ತಕ್ಕಡಿ ಯಾವಾಗ ತೂಗಿದರೂ 50 ಗ್ರಾಂ ಕಡಿಮೆ ತೋರಿಸುತ್ತದೆ. ಇನ್ನೊಬ್ಬನ ತಕ್ಕಡಿ ಒಮ್ಮೆ 50 ಗ್ರಾಂ ಹೆಚ್ಚು, ಒಮ್ಮೆ 40 ಕಡಿಮೆ, ಮತ್ತೊಮ್ಮೆ ಸರಿ ತೋರಿಸುತ್ತದೆ. ಮೊದಲನೆಯದನ್ನು ಒಂದು ಚಿಕ್ಕ ಬಟ್ಟು ಸೇರಿಸಿ ಸರಿಪಡಿಸಬಹುದು. ಎರಡನೆಯದಕ್ಕೆ ಸರಾಸರಿ ಶೂನ್ಯವೇ ಇದ್ದರೂ ಅದನ್ನು ನಂಬಿ ವ್ಯಾಪಾರ ಮಾಡುವಂತಿಲ್ಲ.

ಫೋಕಸ್ ದೋಷಗಳೂ ಹೀಗೆಯೇ ಎರಡು ಬಗೆ. ಲೆನ್ಸ್ ಪ್ರತಿ ಬಾರಿಯೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಅದು ಸ್ಥಿರದೋಷ. ಪ್ರತಿ ಬಾರಿಯೂ ಬೇರೆ ಬೇರೆ ಕಡೆ ತಪ್ಪಿದರೆ ಅದು ಚದುರುವಿಕೆ. ಸ್ಥಿರದೋಷಕ್ಕೆ ಮದ್ದಿದೆ. 2007ರಲ್ಲಿ ಬಂದ ಕ್ಯಾನನ್ 1ಡಿ ಮಾರ್ಕ್ 3 ಹಾಗೂ ನಿಕಾನ್ ಡಿ3, ಡಿ300 ಕ್ಯಾಮರಾಗಳಿಂದ ಮೊದಲುಗೊಂಡು ಅನೇಕ ಡಿಎಸ್ಎಲ್ಆರ್‌ಗಳಲ್ಲಿ, ಪ್ರತಿ ಲೆನ್ಸಿಗೂ ಹಿಂದಕ್ಕೆ ಮುಂದಕ್ಕೆ ಇಪ್ಪತ್ತು ಮೆಟ್ಟಿಲುಗಳಷ್ಟು ತಿದ್ದುಪಡಿ ಮಾಡುವ ಸೌಲಭ್ಯವಿದೆ. ಚದುರುವಿಕೆಗೆ ಅಂಥ ತಿದ್ದುಪಡಿಯಿಲ್ಲ.

ಒಂದೇ ಚಿತ್ರವನ್ನು ನೋಡಿ ಇವೆರಡರಲ್ಲಿ ಯಾವುದು ಎಂದು ಯಾರೂ ಹೇಳಲಾರರು. ಒಂದು ಚಿತ್ರ ತೆಗೆದು ಲೆನ್ಸನ್ನು ಹೊಗಳುವುದೂ ತೆಗಳುವುದೂ ಒಂದೇ ಬಗೆಯ ತಪ್ಪು. ಹತ್ತಾದರೂ ಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಇಳಿಜಾರಾಗಿ ಇಟ್ಟ ಗೆರೆಗಳ ಪಟ್ಟಿಯೊಂದಕ್ಕೆ ಫೋಕಸ್ ಮಾಡಿ ಪರೀಕ್ಷಿಸುವವರುಂಟು. ಇದು ಮೋಸಗೊಳಿಸುತ್ತದೆ. ನೋಡುಕಿಂಡಿಯಲ್ಲಿ ಕಾಣುವ ಚೌಕಕ್ಕಿಂತ ನಿಜವಾದ ಫೋಕಸ್ ಘಟಕ ಸಾಮಾನ್ಯವಾಗಿ ದೊಡ್ಡದು. ಇಳಿಜಾರಿನ ಯಾವ ಗೆರೆಯನ್ನು ಅದು ಹಿಡಿಯಿತು ಎಂಬುದು ನಮಗೆ ತಿಳಿಯುವುದಿಲ್ಲ. ಆದ್ದರಿಂದ ಫೋಕಸ್ ಮಾಡುವ ಗುರಿ ಸಪಾಟಾಗಿ, ಕ್ಯಾಮರಾಕ್ಕೆ ನೇರ ಎದುರಾಗಿರಬೇಕು.

ನಾವು ಮಾಡಿದ್ದು ಹೀಗೆ. ವೃತ್ತಪತ್ರಿಕೆಯ ಒಂದು ಪುಟವನ್ನು ರಟ್ಟಿಗೆ ಅಂಟಿಸಿ ಮೇಜಿನ ಮೇಲೆ ನಿಲ್ಲಿಸಿದೆವು. ಅದರ ಪಕ್ಕದಲ್ಲಿಯೇ ಒಂದು ಅಡಿಪಟ್ಟಿಯನ್ನು 45 ಡಿಗ್ರಿ ಓರೆಯಾಗಿ, ಅದರ ನಡುಗೆರೆ ಪತ್ರಿಕೆಯ ಸಮಕ್ಕೆ ಬರುವಂತೆ ಒರಗಿಸಿದೆವು. ಈ ಓರೆಯಲ್ಲಿ ಪಟ್ಟಿಯ ಮೇಲಿನ 1 ಸೆಂ.ಮೀ. ಎಂದರೆ ಆಳದಲ್ಲಿ 7 ಮಿ.ಮೀ. ಕ್ಯಾಮರಾವನ್ನು ಟ್ರೈಪಾಡ್ ಮೇಲೆ 2 ಮೀಟರ್ ದೂರದಲ್ಲಿಟ್ಟು, ಕಿಂಡಿಯನ್ನು ಪೂರ್ತಿ ತೆರೆದು, ನಡುವಿನ ಫೋಕಸ್ ಬಿಂದುವನ್ನು ಪತ್ರಿಕೆಯ ಮೇಲಿಟ್ಟೆವು. ಗುಂಡಿ ಒತ್ತುವ ಕೈ ಅಲುಗದಂತೆ ಟೈಮರ್ ಬಳಸಿದೆವು. ಕೋಣೆಯಲ್ಲಿ ಹಗಲು ಬೆಳಕು ಧಾರಾಳವಾಗಿತ್ತು.

ಪ್ರತಿ ಚಿತ್ರಕ್ಕೂ ಮೊದಲು ಫೋಕಸ್ ಉಂಗುರವನ್ನು ಕೈಯಿಂದ ಕೆಡಿಸುವುದು ಅವಶ್ಯ. ಐದು ಬಾರಿ ಅತಿ ದೂರಕ್ಕೆ, ಐದು ಬಾರಿ ಅತಿ ಹತ್ತಿರಕ್ಕೆ ತಿರುಗಿಸಿ, ಆಮೇಲೆ ಕ್ಯಾಮರಾಕ್ಕೆ ಫೋಕಸ್ ಮಾಡಲು ಬಿಡಬೇಕು. ಹಾಗೆ ಮಾಡದಿದ್ದರೆ ಅದು ಮೊದಲಿನ ಸ್ಥಾನದಲ್ಲಿಯೇ ನಿಂತು, ಹತ್ತು ಚಿತ್ರಗಳೂ ಒಂದೇ ಚಿತ್ರದ ನಕಲುಗಳಾಗುತ್ತವೆ. ಕೊನೆಯಲ್ಲಿ, ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ಹಿಗ್ಗಿಸಿ ನೋಡುತ್ತ ಕೈಯಿಂದಲೇ ಫೋಕಸ್ ಮಾಡಿ ಮೂರು ಚಿತ್ರ ತೆಗೆಯಬೇಕು. ಆ ಲೆನ್ಸ್ ಎಷ್ಟು ಸ್ಪಷ್ಟವಾಗಿ ಮೂಡಿಸಬಲ್ಲದು ಎಂಬುದಕ್ಕೆ ಅವೇ ಪ್ರಮಾಣ. ಕೈಯಿಂದ ಮಾಡಿದ್ದೂ ಮಸುಕಾಗಿದ್ದರೆ ತೊಂದರೆ ಫೋಕಸ್ಸಿನದಲ್ಲ, ಲೆನ್ಸಿನ ಗಾಜಿನದು ಅಥವಾ ಅಲುಗಾಟದ್ದು.

ಪ್ರತಿ ಚಿತ್ರದಲ್ಲಿಯೂ ಅಡಿಪಟ್ಟಿಯ ಯಾವ ಗೆರೆ ಅತಿ ಸ್ಪಷ್ಟವಾಗಿದೆಯೆಂದು ನೋಡಿ ಬರೆದುಕೊಂಡರೆ, ಹತ್ತು ಅಂಕಿಗಳು ಸಿಗುತ್ತವೆ. ಅವುಗಳ ಸರಾಸರಿಯೇ ಸ್ಥಿರದೋಷ. ಅವು ಹರಡಿಕೊಂಡಿರುವ ಅಗಲವೇ ಚದುರುವಿಕೆ. ಜೂಮ್ ಲೆನ್ಸಾದರೆ ಎರಡೂ ತುದಿಗಳಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ನಿಜವಾಗಿ ಚಿತ್ರ ತೆಗೆಯುವ ದೂರದಲ್ಲಿಯೇ ಪರೀಕ್ಷೆ ನಡೆಯಬೇಕು. ಅರ್ಧ ಮೀಟರಿನಲ್ಲಿ ಕಂಡ ದೋಷ ಮೂರು ಮೀಟರಿನಲ್ಲಿ ಹಾಗೆಯೇ ಇರಬೇಕೆಂದಿಲ್ಲ.

ನಮ್ಮ ಮೂರನೆಯ ಲೆನ್ಸ್ ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾಯಿತು. ಆಗ ನಮ್ಮನ್ನು ಕಾಡಿದ ಪ್ರಶ್ನೆ: ಹಾಗಾದರೆ ಅಮ್ಮನ ಚಿತ್ರಗಳಲ್ಲಿ ಆದದ್ದೇನು?

ಲೆನ್ಸಿನ ತಲೆಗೆ ಕಟ್ಟುವ ಅನ್ಯರ ತಪ್ಪುಗಳು

ಮೊದಲನೆಯದಾಗಿ, ಕ್ಯಾಮರಾಕ್ಕೆ ಕಣ್ಣೆಂದರೇನು, ಕಿವಿಯೆಂದರೇನು ಎಂಬ ತಿಳಿವಳಿಕೆ ಆಗ ಇರಲಿಲ್ಲ. ಫೋಕಸ್ ಘಟಕದ ವ್ಯಾಪ್ತಿಯಲ್ಲಿ ಬೆಳಕು ನೆರಳುಗಳ ವ್ಯತ್ಯಾಸ ಎಲ್ಲಿ ಹೆಚ್ಚೋ ಅದು ಅಲ್ಲಿಗೆ ಒಲಿಯುತ್ತಿತ್ತು. ಅಮ್ಮನ ಕಣ್ಣು ನೆರಳಿನಲ್ಲಿತ್ತು. ಕಿಟಕಿಯ ಬೆಳಕು ಬಿದ್ದದ್ದು ಬೆಂಡೋಲೆಯ ಮೇಲೆ. ನಮ್ಮ ಚೌಕ ಕಣ್ಣಿನ ಮೇಲಿದ್ದರೂ ಅದಕ್ಕಿಂತ ದೊಡ್ಡದಾದ ಘಟಕ, ಓರೆಯಾಗಿ ತಿರುಗಿದ್ದ ಮುಖದ ಅಂಚಿನಲ್ಲಿ ಮಿನುಗುತ್ತಿದ್ದ ಏಳು ಹರಳುಗಳನ್ನು ಹಿಡಿದಿತ್ತು. ಲೆನ್ಸ್ ತನಗೆ ತೋರಿಸಿದ್ದನ್ನು ನಿಖರವಾಗಿಯೇ ಹಿಡಿದಿತ್ತು. ಅಮ್ಮ ಹೇಳಿದ ಮಾತೇ ಸರಿಯಾದ ಪರೀಕ್ಷಾ ವರದಿಯಾಗಿತ್ತು; ನಮಗೆ ಓದಲು ಬರಲಿಲ್ಲ.

ಎರಡನೆಯದು, ಫೋಕಸ್ ಮಾಡಿದ ಮೇಲೆ ಕ್ಯಾಮರಾ ತಿರುಗಿಸುವ ಅಭ್ಯಾಸ. ನಡುವಿನ ಬಿಂದುವನ್ನು ಕಣ್ಣಿನ ಮೇಲಿಟ್ಟು ಫೋಕಸ್ ಮಾಡಿ, ಬಳಿಕ ಚೌಕಟ್ಟು ಚೆಂದವಾಗಲೆಂದು ಕ್ಯಾಮರಾವನ್ನು 10 ಡಿಗ್ರಿ ತಿರುಗಿಸಿದರೆ, 2 ಮೀಟರ್ ದೂರದಲ್ಲಿ ಫೋಕಸ್ ತಲ ಕಣ್ಣಿನಿಂದ 3 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಎಫ್ 1.8ರಲ್ಲಿ ನಮಗಿರುವ ಅವಕಾಶವೆಲ್ಲ ಇಲ್ಲಿಗೇ ಮುಗಿಯಿತು. ಈ ದೋಷ ಯಾವಾಗಲೂ ಹಿಂದಕ್ಕೇ ಬೀಳುವುದರಿಂದ, ‘ನನ್ನ ಲೆನ್ಸ್ ಹಿಂದಕ್ಕೆ ಫೋಕಸ್ ಮಾಡುತ್ತದೆ’ ಎಂದು ಅನೇಕರು ದೂರುವುದು ಸಹಜ. ಅಂಚಿನ ಫೋಕಸ್ ಬಿಂದುವನ್ನು ಆರಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಮೂರನೆಯದು ಚಲನೆ. ರಂಗಪ್ರವೇಶದಲ್ಲಿ ನಮ್ಮ ಕಡೆಗೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೆಜ್ಜೆ ಹಾಕುತ್ತ ಬರುವ ಮಗು, ಗುಂಡಿ ಒತ್ತಿ ಚಿತ್ರ ಮೂಡುವವರೆಗಿನ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ 5 ಸೆಂ.ಮೀ. ಮುಂದೆ ಬಂದಿರುತ್ತದೆ. ಇಲ್ಲಿ ಒಮ್ಮೆ ಹಿಡಿದು ನಿಲ್ಲುವ ಫೋಕಸ್ ಸಾಲದು. ವಸ್ತುವನ್ನು ಬೆನ್ನಟ್ಟಿ ಮುಂದಿನ ಸ್ಥಾನವನ್ನು ಊಹಿಸುವ ನಿರಂತರ ಫೋಕಸ್ ಬೇಕು.

ನಾಲ್ಕನೆಯದು ಬೆಳಕಿನ ಬಣ್ಣ. ಲೆನ್ಸಿನಲ್ಲಿ ಕೆಂಪು ಬೆಳಕು ಮತ್ತು ನೀಲಿ ಬೆಳಕು ಒಂದೇ ಜಾಗದಲ್ಲಿ ಕೂಡುವುದಿಲ್ಲ. ಹಗಲಿನಲ್ಲಿ ಸರಿಯಾಗಿದ್ದ ಡಿಎಸ್ಎಲ್ಆರ್ ಫೋಕಸ್, ದೇವರ ಮನೆಯ ಎಣ್ಣೆದೀಪದ ಕೆಂಬೆಳಕಿನಲ್ಲಿ ಕೊಂಚ ಸರಿಯುವುದುಂಟು. ಮಂದ ಬೆಳಕಿನಲ್ಲಿ ಚದುರುವಿಕೆಯೂ ಹೆಚ್ಚುತ್ತದೆ.

ಕೊನೆಯದಾಗಿ, ಫೋಕಸ್ ತಪ್ಪಿಗೂ ಕೈ ಅಲುಗಿದ್ದಕ್ಕೂ ಇರುವ ಭೇದ. ಚಿತ್ರದಲ್ಲಿ ಕಣ್ಣು ಮಸುಕಾಗಿದ್ದು ಕಿವಿಯೋ, ಕುರ್ಚಿಯ ಬೆನ್ನೋ ಸ್ಪಷ್ಟವಾಗಿದ್ದರೆ ಅದು ಫೋಕಸ್ ತಪ್ಪು. ಎಲ್ಲಿಯೂ ಏನೂ ಸ್ಪಷ್ಟವಿಲ್ಲದೆ, ಹೊಳೆಯುವ ಬಿಂದುಗಳೆಲ್ಲ ಒಂದೇ ದಿಕ್ಕಿಗೆ ಗೀಟುಗಳಾಗಿದ್ದರೆ ಅದು ಅಲುಗಾಟ. ಇಷ್ಟನ್ನು ನೋಡಿಕೊಂಡರೇ ಎಷ್ಟೋ ದೂರುಗಳು ಬಿದ್ದುಹೋಗುತ್ತವೆ.

ಒಪ್ಪಬೇಕೆ, ಹಿಂತಿರುಗಿಸಬೇಕೆ?

ಈಗ ತೀರ್ಪಿನ ಮಾತು. ನಾವು ಅನುಸರಿಸುತ್ತ ಬಂದಿರುವ ನಿಯಮ ಸರಳವಾದದ್ದು. ಸರಾಸರಿ ದೋಷ, ಒಂದು ಬದಿಯ ಸ್ಪಷ್ಟತೆಯ ಆಳದ ಮೂರನೆಯ ಒಂದು ಪಾಲನ್ನು ಮೀರಬಾರದು. ಹತ್ತರಲ್ಲಿ ಒಂಬತ್ತು ಚಿತ್ರಗಳಾದರೂ ಆ ಆಳದೊಳಗೇ ಬೀಳಬೇಕು. ನಮ್ಮ ಉದಾಹರಣೆಯಲ್ಲಿ ಒಂದು ಬದಿಯ ಆಳ 3 ಸೆಂ.ಮೀ.; ಆದ್ದರಿಂದ ಸರಾಸರಿ 1 ಸೆಂ.ಮೀ. ಒಳಗಿದ್ದು, ಒಂಬತ್ತು ಚಿತ್ರಗಳು 3 ಸೆಂ.ಮೀ. ಒಳಗಿದ್ದರೆ ಲೆನ್ಸನ್ನು ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ಸರಾಸರಿ ಹೆಚ್ಚಾಗಿದ್ದು ಚದುರುವಿಕೆ ಕಡಿಮೆಯಿದ್ದರೆ, ಕ್ಯಾಮರಾದಲ್ಲಿ ತಿದ್ದುಪಡಿ ಮಾಡಿ ಮತ್ತೆ ಹತ್ತು ಚಿತ್ರ ತೆಗೆದು ನೋಡಬೇಕು. ಹಗಲು ಬೆಳಕಿನಲ್ಲಿಯೂ ಚದುರುವಿಕೆ ಆಳವನ್ನು ಮೀರಿದರೆ, ಅಥವಾ ಚೌಕಟ್ಟಿನ ಒಂದು ಬದಿ ಸದಾ ಮಸುಕಾಗಿಯೇ ಉಳಿದರೆ, ಸಂಕೋಚಪಡದೆ ಹಿಂತಿರುಗಿಸಬೇಕು. ಅಂಗಡಿಗಳು ಕೊಡುವ ಅವಧಿ ಮುಗಿಯುವ ಮೊದಲೇ, ಲೆನ್ಸ್ ಮನೆಗೆ ಬಂದ ವಾರದಲ್ಲಿಯೇ ಈ ಪರೀಕ್ಷೆ ಮುಗಿಸಿಕೊಳ್ಳುವುದು ಜಾಣತನ. ಮಗಳ ಮದುವೆಯ ದಿನ ಪರೀಕ್ಷೆ ಮಾಡಲು ಹೊರಡಬಾರದು.

ಆದರೆ ಗಜಕಡ್ಡಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಬಿಂದುಗಳು. ಅದನ್ನು ಅಂಗುಲಕ್ಕೆ 96 ಬಿಂದುಗಳ ಪರದೆಯ ಮೇಲೆ ಪೂರ್ಣ ಗಾತ್ರದಲ್ಲಿ ನೋಡುವುದೆಂದರೆ, ಐದು ಅಡಿ ಅಗಲದ ಚಿತ್ರವೊಂದನ್ನು ಮೂಗು ತಾಗುವಷ್ಟು ಹತ್ತಿರದಲ್ಲಿ ನಿಂತು ನೋಡಿದಂತೆ. ಅಲ್ಲಿ ಒಂದೊಂದು ಬಿಂದುವಿನ ಅಗಲ 0.006 ಮಿ.ಮೀ.; ಹಳೆಯ 0.03ಕ್ಕಿಂತ ಐದು ಪಟ್ಟು ಬಿಗಿ. ಆ ಅಳತೆಗೆ ಒಪ್ಪಿಸಬೇಕೆಂದರೆ ನಮ್ಮ 6 ಸೆಂ.ಮೀ. ಆಳ ಸುಮಾರು 1.2 ಸೆಂ.ಮೀ.ಗೆ ಇಳಿಯುತ್ತದೆ. ಕುಳಿತವರು ಉಸಿರಾಡಿದರೂ, ಕ್ಯಾಮರಾ ಹಿಡಿದವರು ತುಸು ವಾಲಿದರೂ ಇಷ್ಟು ಅಂತರ ಸರಿದುಹೋಗುತ್ತದೆ. ಗೋಡೆಯಗಲ ಮುದ್ರಿಸುವವರಿಗೆ ಆ ಬಿಗಿ ಬೇಕು. ಆಲ್ಬಮ್ಮಿನಲ್ಲಿ ಅಂಟಿಸುವ, ಊರಿಗೆ ಕಳುಹಿಸುವ ಚಿತ್ರಗಳಿಗೆ ಅದನ್ನೇ ಅಳತೆ ಮಾಡಿಕೊಂಡು ಕೊರಗುವುದು ಅನ್ಯಾಯ. ಮೊದಲು ಚಿತ್ರದ ಗಾತ್ರವನ್ನೂ ನೋಡುವ ದೂರವನ್ನೂ ನಿಶ್ಚಯಿಸಿ, ಆಮೇಲೆ ನಿಖರತೆಯನ್ನು ಕೇಳಬೇಕು.

ಇಂದಿನ ಕ್ಯಾಮರಾಗಳಲ್ಲಿ

2008ರಲ್ಲಿ ಪ್ಯಾನಸಾನಿಕ್ ಜಿ1ನೊಂದಿಗೆ ಆರಂಭವಾದ ಕನ್ನಡಿರಹಿತ ಕ್ಯಾಮರಾಗಳು ಈಗ ಡಿಎಸ್ಎಲ್ಆರ್‌ಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಇವುಗಳಲ್ಲಿ ಚಿತ್ರ ಮೂಡುವ ಫಲಕದ ಮೇಲೆಯೇ ಫೋಕಸ್ ಅಳತೆಯೂ ನಡೆಯುತ್ತದೆ. ಎರಡು ದಾರಿಗಳನ್ನು ಸರಿದೂಗಿಸುವ ತಾಪತ್ರಯ ಇಲ್ಲದ್ದರಿಂದ ಸ್ಥಿರದೋಷ ಬಹಳಷ್ಟು ಇಲ್ಲವಾಗಿದೆ. ಮುಖವನ್ನು, ಕಣ್ಣನ್ನು ಗುರುತಿಸಿ ಅದರ ಮೇಲೆ ನಿಲ್ಲುವ ಶಕ್ತಿಯೂ ಇವಕ್ಕೆ ಬಂದಿದೆ. ಇಂಥ ಕ್ಯಾಮರಾ ಅಂದು ಕೈಯಲ್ಲಿದ್ದಿದ್ದರೆ ಬೆಂಡೋಲೆಗೆ ಮರುಳಾಗುವ ಸಂಭವ ಕಡಿಮೆಯಿತ್ತು. ಆದರೂ ಕನ್ನಡಕದ ಚೌಕಟ್ಟಿಗೆ, ರೆಪ್ಪೆಗೂದಲಿಗೆ ಮೋಸಹೋಗುವುದು, ಮಂದ ಬೆಳಕಿನಲ್ಲಿ ಚದುರುವುದು ಇನ್ನೂ ಉಳಿದಿವೆ. ಹತ್ತು ಚಿತ್ರಗಳ ಪರೀಕ್ಷೆ ಇವಕ್ಕೂ ಸಲ್ಲುತ್ತದೆ.

ಫೋನಿನ ಕ್ಯಾಮರಾದಲ್ಲಿ ಈ ರಗಳೆಯೇ ಇಲ್ಲವಲ್ಲ ಎಂದು ತರುಣರು ಕೇಳಬಹುದು. ಅದರ ಲೆನ್ಸಿನ ನಾಭಿದೂರ ಕೆಲವೇ ಮಿ.ಮೀ. ಆದ್ದರಿಂದ 2 ಮೀಟರ್ ದೂರದಲ್ಲಿ ಸ್ಪಷ್ಟತೆಯ ಆಳ ಒಂದು ಮೀಟರಿಗೂ ಹೆಚ್ಚು. ಗುರಿ ಅಷ್ಟು ಅಗಲವಾಗಿರುವಾಗ ಬಾಣ ಎಲ್ಲಿ ಬಿದ್ದರೂ ನಾಟುತ್ತದೆ.

ಕೊನೆಯ ಮಾತು

ಅಂದು ನಾವು ಹಿಂತಿರುಗಿಸಿದ ಎರಡು ಲೆನ್ಸ್‌ಗಳೂ ಬಹುಶಃ ನಿರ್ದೋಷಿಗಳೇ. ಅವುಗಳನ್ನು ಬದಲಿಸಲು ಪಟ್ಟ ಶ್ರಮದ ಬದಲು ಕ್ಯಾಮರಾದ ಚಕ್ರವನ್ನು ತಿರುಗಿಸಿ ಎಫ್ 5.6ಕ್ಕೆ ಇಟ್ಟಿದ್ದರೆ ಒಂದು ಬದಿಯ ಆಳ 9 ಸೆಂ.ಮೀ. ಆಗುತ್ತಿತ್ತು, ಬೆಂಡೋಲೆಯೂ ಕಣ್ಣೂ ಎರಡೂ ಅದರಲ್ಲಿ ಹಿಡಿಸುತ್ತಿದ್ದವು. ಬೆಳಕು ಹತ್ತನೆಯ ಒಂದು ಪಾಲಿಗೆ ಇಳಿಯುತ್ತಿತ್ತು, ನಿಜ. ಆದರೆ ಅಮ್ಮ ಕಿಟಕಿಯ ಪಕ್ಕದಲ್ಲಿಯೇ ಕುಳಿತಿದ್ದರು. ತಡವಾಗಿ ಬಂದ ಬುದ್ಧಿ ಇದು. ಅವರು ಮತ್ತೆ ಈ ದೇಶಕ್ಕೆ ಬರಲಾಗಲಿಲ್ಲ. 2014ರಲ್ಲಿ ತೀರಿಕೊಂಡರು.

ಆ ನಲವತ್ತರಲ್ಲಿ ಒಂದನ್ನು ಅವರೇ ಆರಿಸಿ, 8x10 ಅಂಗುಲಕ್ಕೆ ಮುದ್ರಿಸಿ ಕಳುಹಿಸೆಂದು ಹೇಳಿದ್ದರು. ಶಿವಮೊಗ್ಗದ ಮನೆಯ ನಡುಮನೆಯಲ್ಲಿ ಅದು ಇಂದಿಗೂ ಇದೆ. ಕಳೆದ ಸಲ ಹೋದಾಗ ಅದರೆದುರು ನಿಂತು, ಅಭ್ಯಾಸಬಲದಿಂದ ಲೆಕ್ಕ ಹಾಕಿದೆವು. ನಿಂತ ದೂರ ಒಂದು ಮೀಟರ್, ಓದುವ ದೂರದ ನಾಲ್ಕು ಪಟ್ಟು. ಆ ದೂರದಿಂದ ಕಣ್ಣು ನಾಲ್ಕು ಪಟ್ಟು ದೊಡ್ಡ ವೃತ್ತವನ್ನು ಕ್ಷಮಿಸುತ್ತದೆ. ಒಂದು ಬದಿಯ ಆಳ 3 ಸೆಂ.ಮೀ. ಬದಲು 12 ಸೆಂ.ಮೀ. ಆಗುತ್ತದೆ. 8 ಸೆಂ.ಮೀ. ತಪ್ಪಿದ್ದ ಅಮ್ಮನ ಕಣ್ಣುಗಳು ಅದರೊಳಗೇ ಇದ್ದವು. ಲೆಕ್ಕ ಬಿಟ್ಟು ತಲೆಯೆತ್ತಿ ನೋಡಿದರೆ, ನಿಜವಾಗಿಯೂ ಸ್ಪಷ್ಟವಾಗಿಯೇ ಕಂಡವು.

 ಮನೆಗೆ ಹಿರಿಯರು ಬಂದಿದ್ದರೆ, ನಾಳೆಯೇ ಅವರನ್ನು ಒಳ್ಳೆಯ ಬೆಳಕಿನಲ್ಲಿ ಕೂರಿಸಿ, ಕಿಂಡಿಯನ್ನು ತುಸು ಕಿರಿದು ಮಾಡಿ, ಒಂದಲ್ಲ ಹತ್ತು ಚಿತ್ರ ತೆಗೆದಿಡಿರೆಂದು ವಿನಂತಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.